‘ತಮ್ಮನ ಹತ್ತಿರ ಆ ಮಾತು ಎತ್ತಬಹುದಾ?’

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ನನ್ನ ತಮ್ಮನಿಗೆ 34 ವರ್ಷ. ನಾಲ್ಕು ಎಕರೆಯಲ್ಲಿ ಗೋವಿನಜೋಳ, ಹತ್ತಿ ಬೆಳೆಯುತ್ತಾನೆ. ಬೋರ್‌ವೆಲ್ ಕೊರೆಸಿದ, ನೀರು ಬರಲಿಲ್ಲ. ಬ್ಯಾಂಕು, ಸಂಘ, ಕೈಗಡ ಅಂತ ಸಾಲ ಬೆಳೆದುಬಿಟ್ಟಿದೆ. ಎರಡು ತಿಂಗಳ ಹಿಂದೆ ಜೀವ ಕಳೆದುಕೊಳ್ಳಲು ಹೋಗಿದ್ದ. ಹೇಗೋ ಉಳಿದುಕೊಂಡ. ಊರಲ್ಲಿ ಡೆಂಗಿ ಜ್ವರ ಅಂತ ಹೇಳಿದ್ದೇವೆ. ಡಾಕ್ಟರು ಕೊಟ್ಟ ಮಾತ್ರೆ ಎರಡು ವಾರ ತಗೊಂಡು ಬಿಟ್ಟ. ಈಗ ಕುಡಿತ ಜಾಸ್ತಿಯಾಗಿದೆ. ‘ನಾನಿಲ್ಲದಿದ್ರೆ ನಿಮಗೆಲ್ಲ ಆರಾಮ’ ಅಂತಾನೆ. ಹೋದ ವಾರದಿಂದ ಮಾತ್ರ ಸ್ವಲ್ಪ ಗೆಲುವಾಗಿದ್ದಾನೆ. ಆ ಮಾತು ಎತ್ತಿ ನೆನಪಿಸಬೇಡಿ ಅಂತ ಮನೆಯವರೆಲ್ಲ ಹೇಳುತ್ತಾರೆ. ಅವ್ವ ಎಲ್ಲದಕ್ಕೂ ಸೊಸೆಯ ಕಾಲ್ಗುಣ ಕಾರಣ ಅಂತಾಳೆ. ಇದು ಮನಸ್ಸಿನ ಕಾಯಿಲೆಯಾ ಅಥವಾ ಸಾಲದ ಚಿಂತೆಯಾ? ನಾನು ನೇರವಾಗಿ ಕೇಳಬಹುದಾ? ಪೊಲೀಸ್ ಕೇಸ್ ಆಗುತ್ತಾ?

ಉತ್ತರ: ಕೇಳಬಹುದು. ಕೇಳಲೇಬೇಕು. ಸಾಧ್ಯವಾದರೆ ಇವತ್ತೇ ಕೇಳಿ. ನಿಮ್ಮ ಪತ್ರದ ಉಳಿದೆಲ್ಲ ಪ್ರಶ್ನೆಗಳಿಗಿಂತ ಇದು ಅವಸರದ್ದು.

ನಾವು ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆ ನಿಮ್ಮೊಬ್ಬರದಲ್ಲ. ಶಿಕ್ಷಕರಿಗೂ ಇದೆ, ನರ್ಸುಗಳಿಗೂ ಇದೆ, ಕೆಲವು ವೈದ್ಯರಿಗೂ ಇದೆ. ಇದನ್ನು ಹಲವು ಸಲ ಅಧ್ಯಯನ ಮಾಡಿ ನೋಡಿದ್ದಾರೆ. ನೇರವಾಗಿ ಕೇಳಿದ್ದರಿಂದ ಸಾಯುವ ಯೋಚನೆ ಹೆಚ್ಚಾಗುತ್ತದೆ ಎಂಬುದು ಕಂಡುಬಂದಿಲ್ಲ. ಯಾರೋ ಒಬ್ಬರು ಕೇಳಿದರಲ್ಲ ಎಂದು ಹಗುರಾದವರೇ ಜಾಸ್ತಿ. ನಿಮ್ಮ ತಮ್ಮನಿಗಂತೂ ಯೋಚನೆ ಈಗಾಗಲೇ ಬಂದಾಗಿದೆ. ನೀವು ಸುಮ್ಮನಿದ್ದರೆ ಅವನೇನೂ ಮರೆಯುವುದಿಲ್ಲ. ಒಬ್ಬನೇ ಕೂತು ಯೋಚಿಸುತ್ತಾನೆ, ಅಷ್ಟೇ.

ಹೇಗೆ ಕೇಳಬೇಕು? ಅವ್ವನ ಮುಂದೆ ಬೇಡ, ಕುಡಿದಾಗ ಬೇಡ. ಎದುರು ಕೂರಿಸಿಕೊಂಡು ವಿಚಾರಣೆ ಮಾಡುವಂತೆಯೂ ಬೇಡ. ಹೊಲದ ಬದುವಿನ ಮೇಲೆ ನಡೆಯುವಾಗ, ದನಕ್ಕೆ ಮೇವು ಹಾಕುವಾಗ, ಹೀಗೆ ಕೈಗೆ ಏನಾದರೂ ಕೆಲಸವಿದ್ದಾಗ ಗಂಡಸರಿಗೆ ಮಾತು ಸುಲಭವಾಗಿ ಬರುತ್ತದೆ. ನಿಮ್ಮ ಊರ ಮಾತಲ್ಲೇ ಕೇಳಿ: ‘ತಮ್ಮಾ, ಅವತ್ತಿಂದ ನಿನ್ನ ಮನಸಿನ್ಯಾಗ ಏನೈತಿ ಅಂತ ನಾ ಕೇಳೇ ಇಲ್ಲ. ಈಗ ಕೇಳ್ತೀನಿ. ಸಾಯಬೇಕು ಅಂತ ಈಗೂ ಅನಸಾಕತ್ತೈತೇನು?’

ಕೇಳಿದ ಮೇಲೆ ಸುಮ್ಮನಿರಿ. ಇದೇ ಕಷ್ಟದ ಭಾಗ. ಅವನು ತಕ್ಷಣ ‘ಇಲ್ಲಕ್ಕ, ಬಿಡು’ ಅನ್ನಬಹುದು. ಹಾಗಂದರೆ ಅಲ್ಲಿಗೇ ಬಿಡಬೇಡಿ. ‘ಮೊನ್ನೆ ನಾನಿಲ್ಲದಿದ್ರ ನಿಮಗೆಲ್ಲ ಆರಾಮ ಅಂದಿ. ಆ ಮಾತು ನನ್ನ ತಲಿಯಾಗಿಂದ ಹೋಗವಲ್ದು’ ಎಂದು ಅವನ ಮಾತನ್ನೇ ಅವನಿಗೆ ನೆನಪಿಸಿ. ‘ಹೌದು’ ಅಂದರೆ ಗಾಬರಿ ತೋರಿಸಬೇಡಿ. ಆ ಯೋಚನೆ ದಿನಾ ಬರುತ್ತದಾ, ರಾತ್ರಿ ಜಾಸ್ತಿಯಾ, ಹೇಗೆ ಅಂತ ಯೋಚಿಸಿದ್ದಾನಾ, ಏನಾದರೂ ತಂದಿಟ್ಟುಕೊಂಡಿದ್ದಾನಾ ಎಂದು ಕೇಳಿ. ಈ ಪ್ರಶ್ನೆಗಳು ಕ್ರೂರ ಅನ್ನಿಸಬಹುದು. ಆದರೆ ಎಷ್ಟು ಬೇಗ ಹೆಜ್ಜೆ ಇಡಬೇಕು ಎಂಬುದನ್ನು ಇವೇ ತೀರ್ಮಾನಿಸುತ್ತವೆ. ‘ಹೀಗೆ ಮಾಡಬೇಕು ಅಂದ್ಕೊಂಡಿದೀನಿ’ ಎಂದು ಗಟ್ಟಿಯಾಗಿ ಹೇಳಿದರೆ ಒಂದು ಗಳಿಗೆಯೂ ಒಬ್ಬನೇ ಬಿಡಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಪ್ರೀತಿಯಿಂದಲೇ ಬಾಯಿಗೆ ಬರುವ ಕೆಲವು ಮಾತುಗಳಿವೆ, ಅವನ್ನು ಆಡಬೇಡಿ. ‘ಮಕ್ಕಳ ಮುಖ ನೋಡಾದ್ರೂ ಬದುಕು’ ಅಂತೀವಿ. ಆ ಮಕ್ಕಳಿಗೆ ಏನೂ ಮಾಡಲಾಗಲಿಲ್ಲ ಎಂಬುದೇ ಅವನನ್ನು ಸುಡುತ್ತಿರುತ್ತದೆ. ‘ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ’ ಅಂದರೆ, ಅವರೆಲ್ಲ ತಡೆದುಕೊಂಡರು, ನನ್ನಿಂದಲೇ ಆಗಲಿಲ್ಲ ಎಂದು ಅವನಿಗೆ ಕೇಳಿಸುತ್ತದೆ. ಇನ್ನೊಂದು, ಆಣೆ ಮಾಡಿಸುವುದು. ‘ಇನ್ನೊಂದ್ಸಲ ಹಿಂಗ ಮಾಡಲ್ಲ ಅಂತ ಅವ್ವನ ಮೇಲೆ ಆಣೆ ಮಾಡು’ ಎಂದು ಮಾಡಿಸಿಬಿಡುತ್ತೇವೆ. ಆಮೇಲೆ ಆ ಯೋಚನೆ ಮತ್ತೆ ಬಂದಾಗ ಅವನು ಯಾರಿಗೆ ಹೇಳಬೇಕು? ಹೇಳಿದರೆ ಆಣೆ ಮುರಿದಂತೆ. ಹಾಗಾಗಿ ಹೇಳುವುದೇ ಇಲ್ಲ. ಆಣೆಯ ಬದಲು ಒಂದು ಮಾತು ಕೇಳಿ: ‘ಮತ್ತೆ ಹಂಗ ಅನಿಸಿದ್ರ, ಎಷ್ಟೊತ್ತಾದ್ರೂ ನನಗ ಫೋನ್ ಮಾಡ್ತೀಯಾ?’

‘ಬೊಗಳುವ ನಾಯಿ ಕಚ್ಚುವುದಿಲ್ಲ, ಹೇಳುವವನು ಮಾಡುವುದಿಲ್ಲ’ ಎಂದು ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ. ಜೀವ ಕಳೆದುಕೊಂಡವರಲ್ಲಿ ಬಹಳ ಜನ ಮೊದಲೇ ಒಂದಲ್ಲ ಒಂದು ರೀತಿ ಹೇಳಿರುತ್ತಾರೆ. ಬಿಡಿಸಿ ಹೇಳಿರುವುದಿಲ್ಲ, ಅಷ್ಟೇ. ನಿಮ್ಮ ತಮ್ಮನ ಬಾಯಲ್ಲಿ ಬಂದ ಮಾತು ನಮಗೆ ತುಂಬಾ ಪರಿಚಿತ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ ಸಾಯುವ ಆಸೆಯ ಬುಡದಲ್ಲಿ ಎರಡು ಭಾವನೆಗಳನ್ನು ಗುರುತಿಸಿದರು. ಒಂದು, ‘ನಾನು ಯಾರಿಗೂ ಬೇಕಾದವನಲ್ಲ’ ಎಂಬುದು. ಇನ್ನೊಂದು, ‘ನಾನು ಎಲ್ಲರಿಗೂ ಹೊರೆ’ ಎಂಬುದು. ಎರಡೂ ಸೇರಿದಾಗ ಅಪಾಯ ದೊಡ್ಡದು. ಅವರಿಗಿಂತ ಮೊದಲು ಎಡ್ವಿನ್ ಶ್ನೈಡ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಜೀವನವಿಡೀ ಇದನ್ನೇ ಅಧ್ಯಯನ ಮಾಡಿದರು. ಈ ಜನಕ್ಕೆ ಬೇಕಾದದ್ದು ಸಾವಲ್ಲ, ತಡೆಯಲಾಗದ ಮನಸ್ಸಿನ ನೋವು ನಿಲ್ಲುವುದು ಎಂಬುದು ಅವರು ಕಂಡುಕೊಂಡ ವಿಷಯ. ನಾನು ಮಾತಾಡಿಸಿದವರಲ್ಲೂ ಇದನ್ನೇ ಕಂಡಿದ್ದೇನೆ. ಸಾಯಬೇಕು ಎನ್ನುವ ಮನಸ್ಸು, ಬದುಕಬೇಕು ಎನ್ನುವ ಮನಸ್ಸು ಒಬ್ಬನಲ್ಲೇ, ಒಂದೇ ಹೊತ್ತಿಗೆ ಇರುತ್ತವೆ. ನೀವು ಮಾತಾಡಬೇಕಾದದ್ದು ಎರಡನೆಯದರ ಜೊತೆ.

ಈಗ ಅವನ ಗೆಲುವಿನ ವಿಷಯ. ನಿಜವಾಗಿಯೂ ಚೇತರಿಸಿಕೊಳ್ಳುತ್ತಿರಬಹುದು. ಹಾಗೇ ಆಗಲಿ. ಆದರೆ ತುಂಬಾ ಕುಗ್ಗಿದ್ದವನು ಕಾರಣವೇ ಇಲ್ಲದೆ ದಿಢೀರನೆ ನಿರಾಳವಾದರೆ ನಾವು ಎಚ್ಚರವಾಗುತ್ತೇವೆ. ಒಳಗೆ ಒಂದು ತೀರ್ಮಾನಕ್ಕೆ ಬಂದವರೂ ಹಾಗೆ ಕಾಣುತ್ತಾರೆ. ಸಾಲದ ಲೆಕ್ಕ ಹೆಂಡತಿಗೆ ತಿಳಿಸಿದನಾ? ಹೊಲದ ಕಾಗದ ಎಲ್ಲಿದೆ ಅಂತ ತೋರಿಸಿದನಾ? ಬಹಳ ದಿನದಿಂದ ಮಾತು ಬಿಟ್ಟವರ ಮನೆಗೆ ಹೋಗಿ ಬಂದನಾ? ಇದನ್ನೆಲ್ಲ ಹೊರಗಿನಿಂದ ನೋಡಿ ಊಹಿಸಲು ಆಗುವುದಿಲ್ಲ. ಅದಕ್ಕೇ ಕೇಳಿ ಅಂದದ್ದು.

ಎರಡು ತಿಂಗಳಾಯಿತು, ಇನ್ನೇನು ಗಂಡಾಂತರ ಕಳೆಯಿತು ಅಂದುಕೊಂಡಿರಬಹುದು. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಮೂರು ತಿಂಗಳೇ ಹೆಚ್ಚು ಅಪಾಯದ ಕಾಲ. ಒಮ್ಮೆ ಪ್ರಯತ್ನಿಸಿದವರಿಗೆ ಮತ್ತೆ ಆ ಅಪಾಯ ಉಳಿದವರಿಗಿಂತ ಬಹಳ ಜಾಸ್ತಿ. ಇದರ ಜೊತೆಗೆ ಇನ್ನೊಂದು ಸತ್ಯವನ್ನೂ ಇಟ್ಟುಕೊಳ್ಳಿ: ಹೀಗೆ ಪ್ರಯತ್ನಿಸಿ ಉಳಿದವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಮುಂದೆಂದೂ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಅಂದರೆ ಇದು ದಾಟಬಹುದಾದ ಕಾಲ.

ದಾಟಿಸುವುದು ಹೇಗೆ ಎಂಬುದಕ್ಕೆ ನಮ್ಮ ನೆರೆಯ ಚೆನ್ನೈನಲ್ಲೂ ನಡೆದ ಒಂದು ಅಧ್ಯಯನವಿದೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಐದು ಊರುಗಳಲ್ಲಿ, ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರನ್ನು ಸೇರಿಸಿಕೊಂಡು ಇದನ್ನು ಮಾಡಿತು. ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ. ಉಳಿದರ್ಧಕ್ಕೆ ಅದರ ಜೊತೆ ಒಂದು ಗಂಟೆಯ ಮಾತುಕತೆ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಅಥವಾ ಭೇಟಿ. ‘ಹೇಗಿದ್ದೀರಿ, ಏನಾದರೂ ಬೇಕಾ’ ಅಷ್ಟೇ. 2008ರಲ್ಲಿ ಫಲಿತಾಂಶ ಬಂತು. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು ನೂರಕ್ಕೆ 2.2. ಸಂಪರ್ಕ ಇಟ್ಟುಕೊಂಡ ಗುಂಪಿನಲ್ಲಿ 0.2. ಒಂಬತ್ತು ಸಲ ವಿಚಾರಿಸಿಕೊಂಡದ್ದಕ್ಕೆ ಇಷ್ಟು ವ್ಯತ್ಯಾಸ ಎಂಬುದನ್ನು ಓದಿದಾಗಲೆಲ್ಲ ನನಗೆ ಆಸೆಯೂ ಆಗುತ್ತದೆ, ಸಿಟ್ಟೂ ಬರುತ್ತದೆ. ನಮ್ಮಲ್ಲಿ ಬಹುತೇಕ ಕಡೆ ಹೊಟ್ಟೆ, ರಕ್ತ, ಕಿಡ್ನಿ ಸರಿಯಾದರೆ ಡಿಸ್ಚಾರ್ಜ್. ಮನಸ್ಸನ್ನು ವಿಚಾರಿಸಲು ಮತ್ತೆ ಯಾರೂ ಫೋನ್ ಮಾಡುವುದಿಲ್ಲ.

ಇನ್ನು ನೀವು ಇವತ್ತೇ ಮಾಡಬೇಕಾದ ಎರಡನೇ ಕೆಲಸ. ಹೊಲಕ್ಕೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ, ಮನೆಯಲ್ಲಿದ್ದರೆ ಹೊರಗೆ ಸಾಗಿಸಿ. ಹಳ್ಳಿ ಮನೆಗಳಲ್ಲಿ ನಾನು ನೋಡುವುದು ಒಂದೇ ಚಿತ್ರ. ಅರ್ಧ ಉಳಿದ ಡಬ್ಬಿ ಗೋಡೆಯ ಗೂಡಿನಲ್ಲಿ, ಬೀಜದ ಚೀಲದ ಪಕ್ಕ, ಎಲ್ಲರ ಕೈಗೆ ಸಿಗುವ ಹಾಗೆ. ಅದನ್ನು ಬೇರೆಯವರ ಮನೆಗೆ ಕೊಟ್ಟುಬಿಡಿ ಅಥವಾ ಬೀಗ ಹಾಕಿ ಕೀಲಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಈ ಹಂಗಾಮಿಗೆ ಔಷಧಿ ಹೊಡೆಯುವ ಕೆಲಸ ಬೇರೆ ಯಾರಿಗಾದರೂ ವಹಿಸಿ. ಆವತ್ತಿಗೆ ಬೇಕಾದಷ್ಟೇ ತರಲಿ. ಮಾತ್ರೆಗಳನ್ನೂ ಹಾಗೇ ಮಾಡಿ, ವಾರಕ್ಕಾಗುವಷ್ಟು ಮಾತ್ರ ಕೈಗೆ ಸಿಗಲಿ. ‘ಸಾಯಬೇಕು ಅಂದ್ಕೊಂಡವನಿಗೆ ದಾರಿ ನೂರು’ ಎಂದು ಕೆಲವರು ಹೇಳುತ್ತಾರೆ. ಅದು ತಪ್ಪು. ತೀವ್ರವಾದ ಆ ಗಳಿಗೆ ಅಲೆಯ ಹಾಗೆ ಏರಿ ಇಳಿಯುತ್ತದೆ. ಏರಿದಾಗ ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜನ ದಾಟಿಬಿಡುತ್ತಾರೆ.

ಶ್ರೀಲಂಕಾ ಇದಕ್ಕೆ ಸಾಕ್ಷಿ. 1995ರ ಹೊತ್ತಿಗೆ ಅಲ್ಲಿನ ಆತ್ಮಹತ್ಯೆ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು. ಆ ವರ್ಷ ಅತ್ಯಂತ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದರು. 1998ರಲ್ಲಿ ಎಂಡೋಸಲ್ಫಾನ್ ನಿಷೇಧವಾಯಿತು. 2005ರ ಹೊತ್ತಿಗೆ ಪ್ರಮಾಣ ಅರ್ಧಕ್ಕಿಳಿದಿತ್ತು. ಆ ಹತ್ತು ವರ್ಷಗಳಲ್ಲಿ ಯುದ್ಧ, ನಿರುದ್ಯೋಗ, ಕುಡಿತ ಯಾವುದೂ ಮಾಯವಾಗಿರಲಿಲ್ಲ. ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಭಾಗದಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ ಮತ್ತು ಅವರ ಜೊತೆಗಾರರು ಇನ್ನೊಂದು ದಾರಿ ಹಿಡಿದರು. ಕೀಟನಾಶಕವನ್ನು ಮನೆಯಲ್ಲಿಡದೆ ಊರಿನ ಒಂದೇ ಕಡೆ ಬೀಗದ ಪೆಟ್ಟಿಗೆಗಳಲ್ಲಿ ಇಡುವ ವ್ಯವಸ್ಥೆ. ರೈತರು ಒಪ್ಪಿಕೊಂಡರು. ಇದನ್ನು ನಮ್ಮ ಯಾವ ಗ್ರಾಮ ಪಂಚಾಯಿತಿ ಬೇಕಾದರೂ ಮಾಡಬಹುದು ಎಂದು ನನಗೆ ಅನ್ನಿಸುತ್ತದೆ.

ಕಾಯಿಲೆಯಾ, ಸಾಲವಾ ಎಂದು ಕೇಳಿದ್ದೀರಿ. ಒಂದನ್ನು ಆರಿಸಬೇಕಿಲ್ಲ. ಈ ‘ಅಥವಾ’ ನಮ್ಮ ಸರ್ಕಾರಿ ಲೆಕ್ಕದಲ್ಲೂ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಭಾರತದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಕಾರಣಗಳ ಪಟ್ಟಿಯಲ್ಲಿ ಕೌಟುಂಬಿಕ ಸಮಸ್ಯೆ 31.7 ಶೇಕಡಾ, ಅನಾರೋಗ್ಯ 18.4, ಸಾಲ ಮತ್ತು ದಿವಾಳಿ 4.1. ಇದನ್ನು ನೋಡಿ ಸಾಲ ಅಷ್ಟೇನೂ ದೊಡ್ಡ ಕಾರಣವಲ್ಲ ಅನ್ನುವವರಿದ್ದಾರೆ. ಆದರೆ ಒಂದು ಸಾವಿಗೆ ಪೊಲೀಸರು ಬರೆಯುವುದು ಒಂದೇ ಕಾರಣ. ನಿಮ್ಮ ಮನೆಯ ಕಥೆಯನ್ನೇ ನೋಡಿ. ಬೋರ್‌ವೆಲ್‌ನಲ್ಲಿ ನೀರು ಬರಲಿಲ್ಲ, ಸಾಲ ಏರಿತು, ನಿದ್ದೆ ಹೋಯಿತು, ಕುಡಿತ ಬಂತು, ಗಂಡ ಹೆಂಡಿರ ಜಗಳ ಶುರುವಾಯಿತು. ಇದನ್ನು ಯಾವ ಕಾಲಂನಲ್ಲಿ ಬರೆಯುತ್ತಾರೆ? ಬಹುಶಃ ‘ಕೌಟುಂಬಿಕ ಸಮಸ್ಯೆ’ ಅಂತ.

ಅದೇ ವರ್ಷ ದೇಶದಲ್ಲಿ ಕೃಷಿಯನ್ನೇ ನಂಬಿದ 11,290 ರೈತರು, ಕೂಲಿಗಳು ಹೀಗೆ ಸತ್ತರು. ಅವರಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಕರ್ನಾಟಕದವರು. ಇಷ್ಟು ಜನಕ್ಕೆ ಸುಮ್ನೆ ಒಟ್ಟಿಗೆ ಮನಸ್ಸಿನ ಕಾಯಿಲೆ ಬರುವುದಿಲ್ಲ, ಅಲ್ವಾ? ಸಮಾಜದ ಕಟ್ಟು ಸಡಿಲವಾದಾಗ, ಬದುಕಿನ ಆಧಾರ ಏಕಾಏಕಿ ಕುಸಿದಾಗ ಆತ್ಮಹತ್ಯೆ ಏರುತ್ತದೆ ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1897ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಹಾಗಂತ ಸಾಲ ಇರುವ ಎಲ್ಲರೂ ಸಾಯಲು ಹೋಗುವುದಿಲ್ಲ. ಅದೇ ಊರಲ್ಲಿ ಅಷ್ಟೇ ಸಾಲವಿರುವ ಪಕ್ಕದ ಹೊಲದವನು ಬೈದುಕೊಂಡು, ಅತ್ತು, ಎದ್ದು ನಡೆಯುತ್ತಾನೆ. ಖಿನ್ನತೆ ಹಿಡಿದವನ ತಲೆಗೆ ಆ ಸಾಲಕ್ಕೆ ಬಾಗಿಲೇ ಇಲ್ಲ ಅನ್ನಿಸುತ್ತದೆ. ಇರುವ ಎರಡು ಮೂರು ದಾರಿಗಳೂ ಕಾಣುವುದಿಲ್ಲ. ಸಾಲ ಖಿನ್ನತೆಯನ್ನು ತರುತ್ತದೆ, ಖಿನ್ನತೆ ಸಾಲವನ್ನು ಬೆಟ್ಟ ಮಾಡುತ್ತದೆ, ಕುಡಿತ ಎರಡನ್ನೂ ಹೆಚ್ಚಿಸುತ್ತದೆ. ಕುಡಿದಾಗ ತಡೆಯುವ ಬುದ್ಧಿಯೂ ಕೆಲಸ ಮಾಡುವುದಿಲ್ಲ. ಹಾಗಾಗಿ ಎರಡೂ ಕಡೆಯಿಂದ ಕೈ ಹಾಕಬೇಕು.

ಸಾಲದ ಕಡೆಯಿಂದ: ಯಾರಿಗೆ ಎಷ್ಟು ಎಂದು ಒಂದು ಹಾಳೆಯ ಮೇಲೆ ಬರೆಯಿರಿ. ಅವನೊಬ್ಬನೇ ಅಲ್ಲ, ನೀವು, ಅವನ ಹೆಂಡತಿ, ನಂಬಿಕೆಯ ಒಬ್ಬ ನೆಂಟರು ಕೂತು ಬರೆಯಿರಿ. ಕೈಗಡ ಕೊಟ್ಟವರ ಹತ್ತಿರ ವಾಯಿದೆ ಕೇಳಲು ಅವನನ್ನು ಕಳಿಸಬೇಡಿ, ಬೇರೆಯವರು ಹೋಗಲಿ. ಬ್ಯಾಂಕಿನಲ್ಲಿ ಕಂತು ಮರುಹೊಂದಾಣಿಕೆ ಕೇಳಬಹುದು. ಸಂಘದವರು, ಮೈಕ್ರೋಫೈನಾನ್ಸ್‌ನವರು ಮನೆ ಮುಂದೆ ಕೂತು ಮಾನ ಕಳೆಯುತ್ತಿದ್ದರೆ ಸಹಿಸಿಕೊಳ್ಳಬೇಕಿಲ್ಲ. ಸಾಲ ವಸೂಲಿಗೆ ಬೆದರಿಕೆ, ಕಿರುಕುಳ ಕೊಡುವುದರ ವಿರುದ್ಧ ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಠಾಣೆಗೆ ದೂರು ಕೊಡಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ಸಲಹೆ ಉಚಿತವಾಗಿ ಸಿಗುತ್ತದೆ. ಸಾಲ ನಾಳೆಯೇ ತೀರುವುದಿಲ್ಲ. ಆದರೆ ಒಬ್ಬನ ತಲೆಯಲ್ಲಿದ್ದದ್ದು ನಾಲ್ಕು ಜನರ ಮುಂದಿನ ಹಾಳೆಗೆ ಬಂದರೆ ‘ಹೊರೆ’ ಎಂಬ ಭಾವನೆ ಅಲ್ಲೇ ಸ್ವಲ್ಪ ಇಳಿಯುತ್ತದೆ.

ಮನಸ್ಸಿನ ಕಡೆಯಿಂದ: ಮಾತ್ರೆ ಮತ್ತೆ ಶುರುವಾಗಬೇಕು, ವೈದ್ಯರನ್ನು ಕಂಡೇ. ಹಳೇ ಚೀಟಿ ಹಿಡಿದು ಅಂಗಡಿಯಿಂದ ತರುವುದಲ್ಲ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಅವನು ಎರಡೇ ವಾರಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಟ್ಟಿರಬೇಕು. ಬಹಳ ಜನ ಬಿಡುವುದು ಅಲ್ಲೇ. ಚೇತರಿಸಿದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕಾಗುತ್ತದೆ. ಒಂದು ಎಚ್ಚರ: ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಮೈಗೆ ಚುರುಕು ಮೊದಲು ಬಂದು, ಮನಸ್ಸಿಗೆ ಆಸೆ ಆಮೇಲೆ ಬರಬಹುದು. ಆಗ ಕಣ್ಣಿಟ್ಟಿರಿ. ಕುಡಿತವನ್ನೂ ವೈದ್ಯರಿಗೆ ಮುಚ್ಚಿಡದೆ ಹೇಳಿ. ಒಮ್ಮೆಲೇ ನಿಲ್ಲಿಸಿದರೆ ಕೆಲವರಿಗೆ ನಡುಕ, ಫಿಟ್ಸ್ ಬರುತ್ತದೆ, ಅದಕ್ಕೂ ಔಷಧಿ ಬೇಕು.

ಇದಕ್ಕಾಗಿ ಬೆಂಗಳೂರಿಗೇ ಓಡಬೇಕಿಲ್ಲ. ಹಳ್ಳಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಮನಸ್ಸಿನ ಚಿಕಿತ್ಸೆ ಕೊಡಬಹುದು ಎಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಅದರಿಂದಲೇ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಕೇಳಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರ ಬರುವುದುಂಟು. ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರಿಗಾದರೂ ಅಂಥ ಯೋಚನೆ ಬರುತ್ತಿದ್ದರೆ ಆ ನಂಬರ್ ನಿಮಗೂ. ಮೊದಲು ಪಕ್ಕದಲ್ಲಿರುವ ಯಾರಿಗಾದರೂ ಹೇಳಿ, ಆಮೇಲೆ ಫೋನ್ ಮಾಡಿ.

ಪೊಲೀಸರ ಭಯ ಬಿಡಿ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ, ಹೀಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಅವರಿಗೆ ಆರೈಕೆ ಕೊಡುವ ಹೊಣೆ ಸರ್ಕಾರದ್ದು. 2024ರ ಜುಲೈನಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ 309ನೇ ಕಲಂ ಇಲ್ಲ. ಆಸ್ಪತ್ರೆಯವರು ಠಾಣೆಗೆ ತಿಳಿಸಬಹುದು, ಪೊಲೀಸರು ಬಂದು ಹೇಳಿಕೆ ಬರೆದುಕೊಳ್ಳಬಹುದು. ಅದಕ್ಕೆ ಹೆದರಿ ವೈದ್ಯರಿಗೆ ಸುಳ್ಳು ಹೇಳಬೇಡಿ.

ಕಾಲ್ಗುಣದ ಮಾತನ್ನು ಇವತ್ತಿಗೇ ನಿಲ್ಲಿಸಿ. ಇದನ್ನು ಕಟುವಾಗಿಯೇ ಹೇಳುತ್ತಿದ್ದೇನೆ. ಗಂಡ ಸಾಯಲು ಹೋದ ಆಘಾತ ಆ ಹುಡುಗಿಗೂ ಆಗಿದೆ. ಸಾಲಗಾರರಿಗೆ ಬಾಗಿಲು ತೆಗೆಯುವವಳು ಅವಳು, ರಾತ್ರಿ ಎದ್ದು ಗಂಡನ ಉಸಿರು ನೋಡುವವಳು ಅವಳು. ಮೇಲೆ ಈ ಆರೋಪ. 2016ರಲ್ಲಿ ಜಗತ್ತಿನಲ್ಲಿ ಆತ್ಮಹತ್ಯೆಯಿಂದ ಸತ್ತ ಹೆಂಗಸರಲ್ಲಿ ನೂರಕ್ಕೆ 36.6 ಜನ ಭಾರತದವರು. ಅವರಲ್ಲಿ ಮದುವೆಯಾದವರೇ ಹೆಚ್ಚು. ಮದುವೆ ನಮ್ಮ ಹೆಂಗಸರನ್ನು ಕಾಪಾಡುವುದಕ್ಕಿಂತ ಕಟ್ಟಿಹಾಕುವುದೇ ಜಾಸ್ತಿ. ತಮ್ಮನಿಗೆ ಕೇಳಿದ ಪ್ರಶ್ನೆಯನ್ನೇ ಒಂದು ದಿನ ಅವಳಿಗೂ ಕೇಳಿ. ಅವ್ವನ ಜೊತೆ ಜಗಳ ಬೇಡ. ಅವಳ ಮಾತಿನ ಒಳಗಿರುವುದೂ ಭಯವೇ. ಆಸ್ಪತ್ರೆಗೆ ಹೋಗುವಾಗ ಅವ್ವನನ್ನೂ ಕರೆದುಕೊಂಡು ಹೋಗಿ, ವೈದ್ಯರ ಬಾಯಿಂದ ಕೇಳಲಿ.

ಕೊನೆಗೆ ನಿಮ್ಮ ವಿಷಯ. ಪತ್ರದಲ್ಲಿ ನೀವು ನಿಮ್ಮ ಬಗ್ಗೆ ಒಂದು ಸಾಲೂ ಬರೆದಿಲ್ಲ. ಅಕ್ಕ ಅಂದ ಮಾತ್ರಕ್ಕೆ ಇಡೀ ಕಾವಲು ನಿಮ್ಮೊಬ್ಬರದಾಗಬಾರದು. ಒಬ್ಬರೇ ಹೊತ್ತರೆ ತಿಂಗಳೊಳಗೆ ಸೋತುಹೋಗುತ್ತೀರಿ. ತಮ್ಮನ ಒಬ್ಬ ಗೆಳೆಯ, ಒಬ್ಬ ಮಾವ ಅಥವಾ ಚಿಕ್ಕಪ್ಪ, ನೀವು, ಅವನ ಹೆಂಡತಿ, ಇಷ್ಟು ಜನಕ್ಕೆ ನಿಜ ಗೊತ್ತಿರಲಿ. ಊರಿಗೆಲ್ಲ ಡಂಗುರ ಹೊಡೆಯಬೇಕಿಲ್ಲ. ಯಾವ ದಿನ ಯಾರು ಅವನ ಜೊತೆ ಹೊಲಕ್ಕೆ ಹೋಗುತ್ತಾರೆ, ರಾತ್ರಿ ಯಾರು ಫೋನ್ ಮಾಡುತ್ತಾರೆ ಎಂದು ಹಂಚಿಕೊಳ್ಳಿ. ಈ ತಿಂಗಳು ದಿನಾ ವಿಚಾರಿಸಿ, ಆಮೇಲೆ ವಾರಕ್ಕೊಮ್ಮೆ. ಒಂದೂವರೆ ವರ್ಷ ಬಿಡಬೇಡಿ. ಟೆಲಿ ಮಾನಸ್‌ನವರು ಮನೆಯವರ ಜೊತೆಯೂ ಮಾತಾಡುತ್ತಾರೆ. ತಮ್ಮನ ಹತ್ತಿರ ಕೂರುವ ಮೊದಲು ನೀವೇ ಒಮ್ಮೆ 14416ಕ್ಕೆ ಫೋನ್ ಮಾಡಿ, ಅವನಿಗೆ ಕೇಳಬೇಕಾದ ಮಾತನ್ನು ಅವರ ಹತ್ತಿರ ಒಂದು ಸಲ ಆಡಿ ನೋಡಿ.